ಮಷಿನ್ನಿಗೆ ಸುಳಿ ನೋಡಿದ ಮಾವ

ನಮ್ಮ ಮೌನಪ್ಪ ಮಾವ ಯಾವುದರ ಎದುರಿಗೂ ನೇರವಾಗಿ ನಡೆದುಹೋದದ್ದನ್ನು ನಾನು ಕಂಡಿಲ್ಲ. ಮನುಷ್ಯರ ಹತ್ತಿರ ಬರುವುದಿರಲಿ, ಮನೆಯ ಹೊಸ್ತಿಲಿಗೆ ಬರುವುದಿರಲಿ, ತನಗೆಂದೇ ಬಡಿಸಿಟ್ಟ ಊಟದ ತಾಟಿನ ಮುಂದೆ ಕೂಡುವುದೇ ಇರಲಿ, ಮೊದಲು ದೂರದಲ್ಲಿ ನಿಂತು ಎಡಗಣ್ಣನ್ನು ಸಣ್ಣದು ಮಾಡುವುದು, ಆಮೇಲೆ ಎಡಗಡೆಯಿಂದ ಒಂದು ದೊಡ್ಡ ಸುತ್ತು ಹಾಕುವುದು, ಹಿಂದಿನಿಂದ ಒಮ್ಮೆ ನೋಡುವುದು, ಒದೆಯುವಂಥದಲ್ಲವೆಂದು ಖಾತ್ರಿಯಾದ ಮೇಲೆಯೇ ಮೆಲ್ಲಗೆ ಹತ್ತಿರ ಸರಿಯುವುದು. ನಾನು ಟಿ.ಸಿ.ಎಚ್. ಪಾಸಾಗಿ ಶಿಕ್ಷಕಿಯಾದಾಗ ನನ್ನ ನೇಮಕದ ಆದೇಶವನ್ನು ಅವ್ವ ಅವನ ಕೈಗೆ ಕೊಟ್ಟಳು. ಅಕ್ಷರ ಬಾರದ ಆ ಪುಣ್ಯಾತ್ಮ ಅದನ್ನು ತಿರುಗಿಸಿ ಹಿಂಬದಿಯನ್ನು ನೋಡಿ, 'ಹಿಂದ ಏನೂ ಇಲ್ಲಲ್ಲ, ಹಂಗಾರ ಛಲೋ ಅದ' ಅಂದ. ಆಗ ನಕ್ಕಿದ್ದೆವು. ಆ ಮನುಷ್ಯನನ್ನು ಜೊತೆಗೆ ಕರೆದುಕೊಂಡು ರಾಯಚೂರಿನ ಪೇಟೆಗೆ ಹೋಗುವ ಪ್ರಸಂಗ ಬರುವವರೆಗೆ ನಗುವುದು ಸುಲಭವೇ ಆಗಿತ್ತು.

ಮಾವ ಎತ್ತು ನೋಡುವವ. ನಮ್ಮೂರು ಮಸರಕಲ್ಲಿನ ಸುತ್ತಲಿನ ಹಳ್ಳಿಗಳ ರೈತರು ದನದ ಸಂತೆಗೆ ಹೊರಟರೆ ಮೊದಲು ಬಂಡಿ ನಿಲ್ಲುತ್ತಿದ್ದುದು ಅವನ ಗುಡಿಸಲ ಮುಂದೆ. ತಾನು ಮಂದಿಯ ಹೊಲದಲ್ಲಿ ದುಡಿದೇ ತಲೆ ನರೆಸಿಕೊಂಡವ, ಸ್ವಂತಕ್ಕೆ ಒಂದು ಕರುವನ್ನೂ ಕಟ್ಟಿದವನಲ್ಲ. ಆದರೂ ಎತ್ತಿನ ಮೈಮೇಲೆ ಕೂದಲ ಸುಳಿ ಎಲ್ಲಿದ್ದರೆ ಶುಭ, ಎಲ್ಲಿದ್ದರೆ ಯಜಮಾನನಿಗೆ ಕೇಡು, ಎಷ್ಟು ಹಲ್ಲು ಹುಟ್ಟಿದ್ದರೆ ಎಷ್ಟು ಪ್ರಾಯ, ಗೊರಸು ಹೇಗೆ ಊರಿದರೆ ಎಂಥ ದುಡಿತ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ರೇಲ್ವೆಯಲ್ಲಿದ್ದ ಯಾರೋ ಕೊಟ್ಟ ಒಂದು ಹಳೆಯ ಕರಿಯ ಕೋಟು ಅವನ ಮೈಮೇಲೆ ಬಾರಾ ತಿಂಗಳೂ ಇರುತ್ತಿತ್ತು. ರಾಯಚೂರಿನ ವೈಶಾಖದ ಬಿಸಿಲಿನಲ್ಲಿ ಹಕ್ಕಿಗಳು ರೆಕ್ಕೆ ಬಿಚ್ಚಲು ಹೆದರುವ ಹೊತ್ತಿನಲ್ಲೂ ಅವನು ಆ ಕೋಟಿನ ಉಳಿದ ಒಂದೇ ಗುಂಡಿಯನ್ನು ಹಾಕಿಕೊಂಡೇ ಇರುತ್ತಿದ್ದ. ಅದರ ಜೇಬಿನಲ್ಲಿ ಸದಾ ಒಂದು ಹಿಡಿ ಹತ್ತಿಕಾಳು, ಎತ್ತಿನ ಬಾಯಿ ಬಿಡಿಸುವುದಕ್ಕೆ. ಹೆಗಲ ಮೇಲೆ ಅಂಚು ಹರಿದ ಒಂದು ವಲ್ಲಿ ಬಟ್ಟೆ, ಅದರ ಮರೆಯಲ್ಲಿ ದಲಾಲಿಯ ಬೆರಳು ಹಿಡಿದು ಗುಟ್ಟಾಗಿ ವ್ಯಾಪಾರ ಕುದುರಿಸುವುದಕ್ಕೆ. ಬಾಯಲ್ಲಿ ಮಾತ್ರ ಯಾವಾಗಲೂ ಒಂದೇ ಮಂತ್ರ: 'ತಡಿಬೇ. ಮೊದಲ ಅದು ನಮ್ಮನ್ನ ನೋಡ್ಲಿ.'

ನಾವು ಅದನ್ನು ನೋಡಿದರೆ ಸಾಲದು, ಅದು ನಮ್ಮನ್ನು ನೋಡಬೇಕು. ಎತ್ತು ತಾನಾಗಿ ತಲೆ ಎತ್ತಿ ಕೊಳ್ಳುವವನ ಮುಖ ನೋಡುವವರೆಗೆ ಮಾವ ಎದುರಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಎತ್ತಿನ ವಿಷಯದಲ್ಲಿ ಇದರಲ್ಲಿ ಏನು ಸತ್ಯವಿದೆಯೋ ನನಗೆ ತಿಳಿಯದು. ಹೊಲಿಗೆ ಮಷಿನ್ನಿನ ವಿಷಯದಲ್ಲಿ ಏನೂ ಸತ್ಯವಿಲ್ಲವೆಂಬುದನ್ನು ಮಾತ್ರ ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ.

ಮಷಿನ್ನು ಬೇಕಾಗಿದ್ದದ್ದು ನನ್ನ ತಂಗಿ ಬಸ್ಸಮ್ಮನಿಗೆ. ಅವಳ ಗಂಡ ಹುಸೇನಪ್ಪ ಅವಳನ್ನು ಮದುವೆಯಾಗುವುದಕ್ಕೆ ಮೊದಲೇ ಆದೋನಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದನೆಂದು ತಿಳಿದ ದಿನವೇ ಬಸ್ಸಮ್ಮ ತನ್ನ ತಗಡಿನ ಟ್ರಂಕು ಹೊತ್ತುಕೊಂಡು ಮಸರಕಲ್ಲಿಗೆ ಮರಳಿದ್ದಳು. ಅತ್ತು ಕರೆದು ಮಾಡುವ ಜಾತಿಯವಳಲ್ಲ ಅವಳು. ದೇವದುರ್ಗದಲ್ಲಿ ನಾನು ಹಿಡಿದಿದ್ದ ಬಾಡಿಗೆ ಕೋಣೆಗೆ ಬಂದು ನಿಂತು, ಮಹಿಳಾ ಮಂಡಳಿಯ ಹೊಲಿಗೆ ತರಗತಿಗೆ ಸೇರಿ, ಹಳೆಯ ಪತ್ರಿಕೆಗಳ ಮೇಲೆ ಲಂಗ ಜಂಪರುಗಳ ಅಳತೆ ಕತ್ತರಿಸಿ ಕತ್ತರಿಸಿ ಕೈ ಕುದುರಿಸಿಕೊಂಡಳು. ಎಂಬತ್ತೊಂದರ ಬೇಸಿಗೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಹಣಮಮ್ಮ ಅವಳ ಹೊಲಿಗೆ ನೋಡಿ ಮೆಚ್ಚಿ, ಬಿಚ್ಚುಮನಸ್ಸಿನಿಂದ ಒಂದು ಮಾತು ಕೊಟ್ಟಳು. 'ಸಾಲಿ ತೆರಿಯೋದ್ರೊಳಗ ನಿಂದಽ ಮಿಶನ್ ತಂದು ಇಟಗೊ, ನಮ್ಮ ಹುಡುಗ್ಯಾರ ಯೂನಿಫಾರ್ಮ್ ಎಲ್ಲಾ ನಿನಗ ಕೊಡ್ತೀನಿ, ವರ್ಷಾ ವರ್ಷಾ ಕೊಡ್ತೀನಿ. ತರಲಿಲ್ಲಂದ್ರ ಬ್ಯಾರೇದವರಿಗೆ ಹೋಗ್ತದ. ಆಮ್ಯಾಲ ನನ್ನ ಬೈಬ್ಯಾಡ ಮತ್ತ.'

ಇಷ್ಟು ಸರಳವಾಗಿತ್ತು ಸಂಗತಿ. ಹಣವೂ ಇತ್ತು, ನನ್ನ ಸಂಬಳದಲ್ಲಿ ಉಳಿದದ್ದು, ಅವ್ವ ಕೂಡಿಟ್ಟದ್ದು ಸಾಕಾಗುವಂತಿತ್ತು. ಬಸ್ಸು ಹತ್ತಿ ರಾಯಚೂರಿಗೆ ಹೋಗಿ, ಒಂದು ಮಷಿನ್ನನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದರೆ ಬಸ್ಸಮ್ಮ ಯಾರ ಹಂಗೂ ಇಲ್ಲದೆ ಬದುಕಬಹುದಿತ್ತು. ತರದಿದ್ದರೆ ಮತ್ತೆ ಮಸರಕಲ್ಲಿನ ಹೊಲಗಳಲ್ಲಿ ಕಳೆ ಕೀಳುತ್ತ, ಗಂಡ ಬಿಟ್ಟವಳೆಂಬ ಮಾತು ಕೇಳುತ್ತ ಇರಬೇಕಿತ್ತು. ಆದರೆ ನಮ್ಮವ್ವ ಕನಕಮ್ಮ ಅಡ್ಡ ಕೂತಳು. 'ನಮ್ಮಣ್ಣ ನೋಡದಽ ಒಂದು ಮೊರಾನೂ ಈ ಮನಿಗೆ ಬಂದಿಲ್ಲ. ಅವನು ನೋಡ್ಲಿ, ಅವನು ಹೂಂ ಅನ್ಲಿ, ಆಮ್ಯಾಲ ತರ್ರಿ.' ನಾನು, 'ಯವ್ವಾ, ಅದೇನು ಎತ್ತೇನಬೇ?' ಅಂದೆ. ಅವ್ವ ನನ್ನ ಕಡೆಗೆ ನೋಡಲೂ ಇಲ್ಲ. ಅಪ್ಪ ತೀರಿಹೋದ ಮೇಲೆ ನಮ್ಮಿಬ್ಬರನ್ನೂ ಕೂಲಿಗೆ ಕಳಿಸದೆ ಶಾಲೆಗೆ ಕಳಿಸಿದವನು ಅವನೇ ಎಂಬ ಮಾತು ಅವಳ ಮೌನದಲ್ಲಿತ್ತು, ಅದಕ್ಕೆ ನಾನು ಎದುರು ಹೇಳುವಂತಿರಲಿಲ್ಲ.

ಮೊದಲ ಯಾತ್ರೆ ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಒಂದು ಅಂಗಡಿಗೆ. ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿದ ಮಷಿನ್ನುಗಳು, ಕಪ್ಪಗೆ ಮಿರುಗುವ ಮೈ, ಕುತ್ತಿಗೆಯ ಮೇಲೆ ಬಂಗಾರದ ಬಣ್ಣದ ಬಳ್ಳಿ. ಬಸ್ಸಮ್ಮ ಬಾಗಿಲಲ್ಲೇ ನಿಂತು, ಎರಡನೆಯದರ ಮೇಲೆ ಕಣ್ಣು ನೆಟ್ಟಳು. ನನಗೂ ಅದೇ ಸರಿಯೆನಿಸಿತು. ಮಾವ ಬೀದಿಯಲ್ಲೇ ನಿಂತು ಎಡಗಣ್ಣು ಕಿರಿದು ಮಾಡಿದ. ಆಮೇಲೆ ಒಳಗೆ ಬಂದು, ಗಿರಾಕಿಗಳನ್ನು ಸರಿಸುತ್ತ, ಅಂಗಡಿಯ ಶೇಟನ ಗಾದಿಯ ಹಿಂದಿನಿಂದ ಸುತ್ತು ಹಾಕಿ, ಮಷಿನ್ನಿನ ಹಿಂಭಾಗಕ್ಕೆ ಹೋಗಿ ನಿಂತ. ಕುಕ್ಕರಗಾಲಲ್ಲಿ ಕೂತು ಅದರ ಕಬ್ಬಿಣದ ಕಾಲುಗಳನ್ನು ಒಂದೊಂದಾಗಿ ಮುಟ್ಟಿದ. ಬಟ್ಟೆಯನ್ನು ಮುಂದೆ ದಬ್ಬುವ ಹಲ್ಲಿನ ಪಟ್ಟಿ ಇರುತ್ತದಲ್ಲ ಸೂಜಿಯ ಕೆಳಗೆ, ಅದರ ಮೇಲೆ ಹೆಬ್ಬೆರಳಾಡಿಸಿ, 'ಹಲ್ಲು ಸಣ್ಣಾವ ಅದಾವ, ಇನ್ನಾ ಎಳೇದು' ಅಂದ. ಜೇಬಿಗೆ ಕೈ ಹೋಯಿತು. ಒಂದು ಹಿಡಿ ಹತ್ತಿಕಾಳನ್ನು ಮಷಿನ್ನಿನ ಹಲಗೆಯ ಮೇಲೆ ಇಟ್ಟು ಎದುರಿಗೆ ಕೂತುಬಿಟ್ಟ.

ಶೇಟ ಹತ್ತಿಕಾಳನ್ನೂ ನಮ್ಮನ್ನೂ ಒಂದೇ ನಮೂನೆಯಿಂದ ನೋಡಿದ. ನಾಚಿಕೆಯಿಂದ ನನ್ನ ಕಿವಿ ಕಾದವು. 'ಮಾವಾ, ಅದು ತಿನ್ನಂಗಿಲ್ಲ, ಏಳು' ಎಂದು ಪಿಸುಗುಟ್ಟಿದೆ.

'ಗೊತ್ತದಬೇ, ಕೈಗೆ ರೂಢಿ ಆಗ್ಯಾದ' ಎಂದು ಕಾಳನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಆದರೆ ಏಳಲಿಲ್ಲ. ಅಂಗಡಿಗೆ ಬಂದವರು ಬಂದರು, ಹೋದವರು ಹೋದರು, ಮಾವ ಮಷಿನ್ನಿನ ಮುಂದೆ ಕೂತೇ ಇದ್ದ, ಮಷಿನ್ನು ಅವನನ್ನು ನೋಡಲಿ ಎಂದು ಕಾಯುತ್ತ. ಕೊನೆಗೆ ಶೇಟನೇ ಎದ್ದು ಬಂದು, ಬೇಕೋ ಬೇಡವೋ ಎಂದು ಕೇಳಿದಾಗ, ಮಾವ ಅವನ ಬಲಗೈಯನ್ನು ತಟ್ಟನೆ ತನ್ನ ವಲ್ಲಿಯೊಳಗೆ ಎಳೆದುಕೊಂಡು ಬೆರಳು ಹಿಸುಕತೊಡಗಿದ. ದನದ ಸಂತೆಯನ್ನು ಕನಸಿನಲ್ಲಿಯೂ ಕಾಣದ ಆ ಮನುಷ್ಯ, 'ಅರೆ ಅರೆ, ಕೈ ಬಿಡೋ ಮಾರಾಯಾ! ಏನು ಮಾಡಾಕತ್ತಿ?' ಎಂದು ಕೂಗಿ ಕೈ ಕಸಿದುಕೊಂಡ. ಅಂಗಡಿಯ ಮಂದಿಯೆಲ್ಲ ತಿರುಗಿ ನೋಡಿದರು. ಮಾವ ಏನೂ ಆಗಲಿಲ್ಲವೆಂಬಂತೆ ಎದ್ದು ನಿಂತು, ಮಷಿನ್ನಿನ ಕುತ್ತಿಗೆಯ ಮೇಲಿನ ಬಂಗಾರದ ಬಳ್ಳಿಯನ್ನು ಬೆರಳಿನಿಂದ ಸವರಿದ. ಆ ಬಳ್ಳಿಯ ತುದಿ ಒಂದು ಕಡೆ ಸುರುಳಿ ಸುತ್ತಿಕೊಂಡಿತ್ತು.

'ಬ್ಯಾಡವ್ವಾ' ಅಂದ ಮಾವ. 'ಕುತ್ತಿಗಿ ಮ್ಯಾಲ ಸುಳಿ ಅದ. ಅದೂ ಹಿಂದಕ್ಕ ತಿರಿಗ್ಯಾದ. ಯಜಮಾನಗ ಆಗಿ ಬರಂಗಿಲ್ಲ.'

ಅದು ಬಣ್ಣ, ಮಾವಾ, ಕಾರ್ಖಾನೆಯಲ್ಲಿ ಅಚ್ಚು ಹೊಡೆದ ಬಣ್ಣ, ಆ ಕಂಪನಿಯ ಲಕ್ಷಗಟ್ಟಲೆ ಮಷಿನ್ನುಗಳ ಮೇಲೆ ಅದೇ ಬಳ್ಳಿ ಅದೇ ಸುರುಳಿ ಇರುತ್ತದೆ ಎಂದು ನಾನು ಬಸ್ ಸ್ಟ್ಯಾಂಡಿನವರೆಗೆ ವಾದಿಸಿದೆ. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿ, 'ಹಂಗಾರ ಅವೆಲ್ಲಾ ಬ್ಯಾಡ' ಅಂದ. ದೇವರೇ! ಜಗಳಾಡುವವರ ಸಂಗಡ ಜಗಳಾಡಬಹುದು, ಇಂಥ ಸಮಾಧಾನದ ಮುಂದೆ ಏನು ಮಾಡುವುದು? ಬಸ್ಸಮ್ಮ ಬಸ್ಸಿನ ಕಿಟಕಿಗೆ ತಲೆ ಆನಿಸಿ ಹೊರಗೆ ನೋಡುತ್ತಿದ್ದಳು. ಅವಳ ಬಲಗಾಲು ಮಾತ್ರ ತನ್ನಷ್ಟಕ್ಕೆ ತಾನು ನೆಲವನ್ನು ತುಳಿಯುತ್ತಿತ್ತು, ಹಿಂದೆ ಮುಂದೆ, ಹಿಂದೆ ಮುಂದೆ.

ಸುಳಿಯಿಲ್ಲದ ಮಷಿನ್ನಿನ ಹುಡುಕಾಟ ಶುರುವಾಯಿತು. ದೇವಸುಗೂರಿನ ಕಡೆ ಶಕ್ತಿನಗರದಲ್ಲಿ ಆಗ ವಿದ್ಯುತ್ ಕೇಂದ್ರದ ಕಟ್ಟಡ ಏಳುತ್ತಿತ್ತು; ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರರ ಹೆಂಡತಿ, ಗಂಡನಿಗೆ ವರ್ಗವಾದ್ದರಿಂದ, ಹೊಸದೆಂಬಂತೆಯೇ ಇದ್ದ ಮಷಿನ್ನನ್ನು ಮಾರುತ್ತಾರೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಅದರ ಮೈಮೇಲೆ ಬಳ್ಳಿಯಿಲ್ಲ, ಬರೀ ಹಸಿರು ಬಣ್ಣವೆಂದು ಮೊದಲೇ ಕೇಳಿ ತಿಳಿದುಕೊಂಡು ಮಾವನನ್ನು ಕರೆದೊಯ್ದೆ. ಆ ತಾಯಿ ಪಾಪ, ಚಹಾ ಮಾಡಿಕೊಟ್ಟು, ಮಷಿನ್ನನ್ನು ಒರೆಸಿ ತಂದಿಟ್ಟರು. ಮಾವ ಚಹಾದ ಬಟ್ಟಲನ್ನು ಮುಟ್ಟಲಿಲ್ಲ. ಮಷಿನ್ನನ್ನು ಸುತ್ತಿ ಬಂದು ಕೇಳಿದ: 'ಯಾಕ ಮಾರಾಕತ್ತೀರಿ?'

'ವರ್ಗ ಆಗಿದೆ. ಸಾಮಾನು ಜಾಸ್ತಿ' ಅಂದರು ಅವರು.

'ಅದು ಖರೇನ. ಆದ್ರ ಯಾಕ ಮಾರಾಕತ್ತೀರಿ?'

ಆ ತಾಯಿಯ ಮುಖ ಚಿಕ್ಕದಾಯಿತು. ಎತ್ತು ಮಾರುವವನು ಖರೆ ಕಾರಣ ಹೇಳುವುದಿಲ್ಲ ಎಂಬುದು ಮಾವನ ಶಾಸ್ತ್ರ. ಒದೆಯುತ್ತದೆಂದೋ, ನೊಗ ಕಂಡರೆ ಮಲಗುತ್ತದೆಂದೋ ಯಾರಾದರೂ ಹೇಳಿಯಾರೆ? ಅದನ್ನು ನೆರೆಮನೆಯವರೇ ಹೇಳಬೇಕು. ಹಾಗಾಗಿ ಅವನು ಎದ್ದು ಹೊರಟವನು ಆ ಸಾಲಿನ ಪ್ರತಿಯೊಂದು ಮನೆಯ ಬಾಗಿಲು ಬಡಿದು, 'ಈ ಮನಿಯವರ ಮಿಶನ್ ಹ್ಯಾಂಗ ಅದ್ರೀ? ಒದಿತದೇನು?' ಎಂದು ವಿಚಾರಿಸಿಕೊಂಡು ಬಂದ. ನಾವು ಅಲ್ಲಿಂದ ಎದ್ದು ಬರುವಾಗ ಆ ತಾಯಿ ಬಾಗಿಲು ಹಾಕಿದ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಮಾರುವುದಿಲ್ಲವೆಂದು ಬಾಯಿಬಿಟ್ಟು ಹೇಳುವ ಕಷ್ಟವನ್ನೂ ಅವರು ತೆಗೆದುಕೊಳ್ಳಲಿಲ್ಲ.

ಅಂದು ಬರುವ ದಾರಿಯುದ್ದಕ್ಕೂ ನಾನು ಮಾವನಿಗೆ ಬೆನ್ನು ತಿರುಗಿಸಿ ಕೂತೆ. ಮಷಿನ್ನು ಕೈತಪ್ಪಿತೆಂದಷ್ಟೇ ಅಲ್ಲ. ನಾಲ್ಕು ವರ್ಷದ ಹಿಂದೆ ಬಸ್ಸಮ್ಮನಿಗೆ ಗಂಡು ನೋಡಲು ಮಾನ್ವಿಗೆ ಹೋದವನು ಈ ಮಾವನೇ. ಅಂದು ಮಧ್ಯಾಹ್ನದ ಬಸ್ಸಿಗೆ ಹೋದವನು ಸಂಜೆಯ ಬಸ್ಸಿಗೆ ತಿರುಗಿ ಬಂದಿದ್ದ. 'ಹುಡುಗ ಛಲೋ ಅದಾನ. ಎದಿ ಅಗಲ ಅದ, ನಡಗಿ ಛಲೋ ಅದ, ಮಾತೂ ಛಲೋ ಆಡ್ತಾನ' ಎಂದು ಹೇಳಿ ಅವ್ವನ ಕೈಗೆ ಬೆಲ್ಲ ಕೊಟ್ಟಿದ್ದ. ಹುಸೇನಪ್ಪನ ಆದೋನಿಯ ಸಂಸಾರದ ಕಥೆ ಅವನ ಓಣಿಯ ಹಿಟ್ಟಿನ ಗಿರಣಿಯವನಿಗೆ ಗೊತ್ತಿತ್ತು, ಕ್ಷೌರದವನಿಗೆ ಗೊತ್ತಿತ್ತು, ನೀರು ತರುವ ಹೆಂಗಸರಿಗೆಲ್ಲ ಗೊತ್ತಿತ್ತು. ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಮಾವ ಕೇಳಿರಲಿಲ್ಲ. ಬಸ್ಸಮ್ಮ ಟ್ರಂಕು ಹೊತ್ತು ಮರಳಿ ಬಂದ ದಿನ ಅವ್ವ ನಮ್ಮಿಬ್ಬರಿಗೂ ಆಣೆ ಹಾಕಿಸಿದಳು, ಈ ಮಾತನ್ನು ಅಣ್ಣನ ಎದುರಿಗೆ ಎತ್ತಬಾರದೆಂದು. ನಾವು ಎತ್ತಲಿಲ್ಲ. ಆದರೆ ಗಂಡಿನ ನೆರೆಹೊರೆ ಕೇಳದ ಬಾಯಿ ಇವತ್ತು ಕಬ್ಬಿಣದ ನೆರೆಹೊರೆ ಕೇಳುತ್ತಿದೆಯಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಮೂರನೆಯ ಯಾತ್ರೆ ಹುಸೇನಪ್ಪನ ಮಾನ್ವಿಗೇ; ಅವನ ಓಣಿ ಬೇರೆ ಕಡೆಗಿದೆಯೆಂದು ಬಸ್ಸಮ್ಮ ಹೊರಟಳು. ಅಲ್ಲಿ ಪೀರಾ ಸಾಬ್ ಎಂಬ ಹಿರಿಯ ದರ್ಜಿ ಕಣ್ಣು ಮಂಜಾದ್ದರಿಂದ ತಮ್ಮ ಮಷಿನ್ನನ್ನು ಮಾರಲು ಒಪ್ಪಿದ್ದರು. ಹಳೆಯದಾದರೂ ಗಟ್ಟಿಮುಟ್ಟು, ಮೈಮೇಲಿನ ಬಳ್ಳಿ ಅವರ ಅಂಗೈ ಉಜ್ಜಿ ಉಜ್ಜಿ ಎಂದೋ ಅಳಿಸಿಹೋಗಿತ್ತು. ಸುಳಿಯ ಕಾಟವಿಲ್ಲ. ಮಾರುವ ಕಾರಣವೂ ಕಣ್ಣಿಗೆ ಕಾಣುವಂಥದೇ. ಈ ಸಲ ಗೆದ್ದೆವು ಎಂದುಕೊಂಡೆ. ಪೀರಾ ಸಾಬರ ಹೆಂಡತಿ ಖಾಸಿಂ ಬೀ ನಮಗೆ ಚಾಪೆ ಹಾಸಿ, 'ತಗೊಂಡು ಹೋಗ್ರಿ ಯವ್ವಾ, ಇದು ಇದ್ರ ಇವರು ಸುಮ್ಮನ ಕೂಡಂಗಿಲ್ಲ, ಕಣ್ಣು ಇನ್ನಾ ಕೆಡ್ತಾವ' ಅಂದರು. ಮಾವ ಸುತ್ತು ಹಾಕಿದ, ಕಾಲು ನೋಡಿದ, ಹಲ್ಲು ನೋಡಿದ. 'ಹೂಡಿ ತೋರಸ್ರಿ' ಅಂದ. ಪೀರಾ ಸಾಬ್ ಒಂದು ಚೂರು ಬಟ್ಟೆ ಹಾಕಿ ತುಳಿದರು. ಮಷಿನ್ನು ಮೆಲ್ಲಗೆ ಗುನುಗುನು ಅನ್ನುತ್ತ ಓಡಿತು. ಬಸ್ಸಮ್ಮನ ಮುಖ ಅರಳಿತು.

ಮಾವ ನಿಟ್ಟುಸಿರು ಬಿಟ್ಟ. 'ಸಾಬ್ರ, ಇದು ನಿಮ್ಮನ್ನ ಬಿಟ್ಟು ಬರಂಗಿಲ್ಲರೀ. ನಿಮ್ಮ ಕಾಲಿನ ಸಪ್ಪಳ ಕೇಳಿ ದೊಡ್ಡದಾಗ್ಯಾದ. ನಾವು ಹೊಡಕೊಂಡು ಹೋದ್ರೂ ದಾರ್ಯಾಗ ಹೊಳ್ಳಿ ಹೊಳ್ಳಿ ನೋಡ್ತದ. ಮ್ಯಾವು ಬಿಡ್ತದ. ಇಂಥಾವನ್ನ ನಾ ಭಾಳ ನೋಡೀನಿ.'

ನಾನು ನಗಬೇಕೋ ಅಳಬೇಕೋ ತಿಳಿಯದೆ ಪೀರಾ ಸಾಬರ ಮುಖ ನೋಡಿದೆ. ಅವರ ಕಣ್ಣಲ್ಲಿ ನೀರು! ಆ ಮುದುಕರು ಮಷಿನ್ನಿನ ಕುತ್ತಿಗೆಯ ಮೇಲೆ ಕೈಯಿಟ್ಟು, 'ಖರೆ ಹೇಳಿದಿ ತಮ್ಮಾ. ನನಗ ತಿಳೀಲಿಲ್ಲ ನೋಡು. ಇದನ್ನ ನಾ ಮಾರಂಗಿಲ್ಲ' ಅಂದುಬಿಟ್ಟರು. ಖಾಸಿಂ ಬೀ ಹಣೆ ಹಣೆ ಬಡಿದುಕೊಂಡರು. ಇಬ್ಬರು ಮುದುಕರೂ ಒಬ್ಬರ ಭುಜ ಒಬ್ಬರು ತಟ್ಟಿಕೊಂಡು ಎಲೆ ಅಡಿಕೆ ಹಾಕಿಕೊಂಡರು. ಮಾರುವವನ ಮನಸ್ಸನ್ನೇ ಕೆಡಿಸಿ ಬರುವ ಖರೀದಿದಾರನನ್ನು ಪಡೆದ ಪುಣ್ಯ ಈ ಭೂಮಿಯ ಮೇಲೆ ನಮ್ಮದೊಂದೇ ಮನೆಗೆ ಇರಬೇಕು. ಬಸ್ ಸ್ಟ್ಯಾಂಡಿನಲ್ಲಿ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ, ನಿನ್ನ ಸುಳಿಗೆ ಬೆಂಕಿ ಬೀಳಲಿ ಅಂದೆ, ನಿನ್ನ ಕೋಟಿಗೆ ಬೆಂಕಿ ಬೀಳಲಿ ಅಂದೆ. ಮಾವ ತಲೆ ಬಗ್ಗಿಸಿ ಕೇಳಿಸಿಕೊಂಡು, 'ತಡಿಬೇ, ಸಿಗ್ತದ. ಅವಸರ ಮಾಡಬಾರದು' ಅಂದ.

ಶಾಲೆ ತೆರೆಯುವ ದಿನ ಹತ್ತಿರ ಬಂತು. ಹಣಮಮ್ಮ ನಮ್ಮ ಕೋಣೆಯ ಬಾಗಿಲಿಗೇ ಬಂದು ನಿಂತಳು. 'ನೀಲಿ ಬಟ್ಟಿ ಥಾನು ಬಂದು ಬಿದ್ದಾವ ಬಸ್ಸಮ್ಮ. ರಾಯಚೂರಿನ ಒಬ್ಬ ಟೇಲರ್ ಒಂದೇ ಸಮನ ಬಂದು ಕೇಳಾಕತ್ತ್ಯಾನ. ಈ ಸೋಮವಾರ ತನಕ ತಡೀತೀನಿ. ಆಮ್ಯಾಲ ನನ್ನ ಕೈಯಾಗಿಲ್ಲ.' ಬಸ್ಸಮ್ಮ ಹೂಂ ಅಂದಳು, ಅಷ್ಟೇ. ಹಣಮಮ್ಮ ಹೋದ ಮೇಲೆ, ಗೋಡೆಗೆ ಮೊಳೆ ಹೊಡೆದು ತೂಗಹಾಕಿದ್ದ ಕಾಗದದ ಲಂಗಗಳನ್ನು ಒಂದೊಂದಾಗಿ ತೆಗೆದು ಮಡಚಿಟ್ಟಳು. ಆ ಮಡಚುವುದನ್ನು ನೋಡಿ ನನಗೆ ತಡೆಯಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ನಾವಿಬ್ಬರೇ ಹೋಗುವುದೆಂದು ನಿಶ್ಚಯಿಸಿದೆ. ಆದರೆ ಅವ್ವ ಹೇಗೋ ಸುದ್ದಿ ಮುಟ್ಟಿಸಿದ್ದಳು. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕರಿಯ ಕೋಟು ನಮಗಿಂತ ಮೊದಲೇ ಬಂದು, ಬಸ್ಸಿಗೆ ಸುತ್ತು ಹಾಕುತ್ತಿತ್ತು.

ಮತ್ತೆ ಅದೇ ತೀನ್ ಕಂದೀಲು, ಅದೇ ಅಂಗಡಿ. ಶೇಟ ನಮ್ಮನ್ನು ಕಂಡವನೇ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, 'ಆಯಿತಪ್ಪಾ, ಎತ್ತಿನವರು ಬಂದರು' ಅಂದ. ಬಸ್ಸಮ್ಮ ನೇರವಾಗಿ ಆ ಎರಡನೆಯ ಮಷಿನ್ನಿನ ಹತ್ತಿರ ಹೋದಳು. ಅದು ಅಲ್ಲಿಯೇ ಇತ್ತು. ಮಾವ ಸುತ್ತು ಹಾಕಿ ಬರುವಷ್ಟರಲ್ಲಿ ಅವಳು ಸ್ಟೂಲಿನ ಮೇಲೆ ಕೂತಾಗಿತ್ತು.

'ಬ್ಯಾಡಬೇ' ಅಂದ ಮಾವ, ಸುರುಳಿಯ ಮೇಲೆ ಬೆರಳಿಟ್ಟು. 'ಸುಳಿ ಹಿಂದಕ್ಕ ಅದ. ಅವತ್ತ ಹೇಳೀನಲ್ಲ.'

ಬಸ್ಸಮ್ಮ ತಲೆ ಎತ್ತಿದಳು. ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

'ಮಾವಾ, ಮಾನ್ವಿಗೆ ಅವನನ್ನ ನೋಡಾಕ ಹೋಗಿದ್ದೆಲ್ಲಾ, ಆವಾಗ ಹಿಂಗಽ ಸುತ್ತು ಹಾಕಿದ್ದೇನು? ಹಲ್ಲು ನೋಡಿದ್ದೇನು? ಬಾಜು ಮನಿಯವರನ್ನ ಕೇಳಿದ್ದೇನು?'

ಅಂಗಡಿಯಲ್ಲಿ ಯಾರಿಗೂ ಆ ಮಾತಿನ ತಲೆಬುಡ ತಿಳಿಯಲಿಲ್ಲ, ತಿಳಿಯಬೇಕಾದವನಿಗೆ ತಿಳಿಯಿತು. ಅವ್ವನ ಆಣೆ ಮುರಿದಿತ್ತು. ಮಾವನ ಬೆರಳು ಬಂಗಾರದ ಬಳ್ಳಿಯ ಮೇಲೆಯೇ ಇತ್ತು. ನನಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಅಲ್ಲಿ ನಿಂತಿರುವುದು ಬೇಡವೆನಿಸಿತು.

'ಇಲ್ಲವ್ವಾ' ಅಂದ ಮಾವ. 'ಚಾ ಕೊಟ್ರು. ಕುಡದು ಎದ್ದು ಬಂದೆ. ಬಸ್ಸು ತಪ್ಪತದ ಅಂತ ಬಂದೆ.'

ಬಸ್ಸಮ್ಮ ಎದ್ದು, ಅವನ ಹೆಗಲ ಮೇಲಿನ ವಲ್ಲಿಯನ್ನು ಕೈಚಾಚಿ ತೆಗೆದುಕೊಂಡಳು. ಸಂತೆ ಸಂತೆಗಳಲ್ಲಿ ಎಷ್ಟೋ ದಲಾಲಿಗಳ ಬೆರಳು ಮುಚ್ಚಿಟ್ಟ, ಅಂಚು ಹರಿದು ನೂಲು ಜೋತಾಡುತ್ತಿದ್ದ ವಲ್ಲಿ. ಮತ್ತೆ ಕೂತು, ಅದರ ಹರಿದ ಅಂಚನ್ನು ಒಳಕ್ಕೆ ಮಡಚಿ, ಸೂಜಿಯ ಕೆಳಗಿಟ್ಟು, ಕಾಲು ಹಾಕಿದಳು. ವರ್ಷದಿಂದ ಬಸ್ಸಿನ ನೆಲವನ್ನೂ ಕೋಣೆಯ ನೆಲವನ್ನೂ ತುಳಿದು ತುಳಿದು ಕಾದಿದ್ದ ಕಾಲು ಅದು. ಮಷಿನ್ನು ಒಂದೇ ಉಸಿರಿಗೆ ಓಡಿತು. ಈ ತುದಿಯಿಂದ ಆ ತುದಿಯವರೆಗೆ ಒಂದು ಕಡೆಯೂ ಸೊಟ್ಟಗಾಗದ ಹೊಲಿಗೆ. ನೂಲು ಹಲ್ಲಿನಿಂದ ಕಡಿದು ವಲ್ಲಿಯನ್ನು ಅವನ ಹೆಗಲಿಗೆ ಮರಳಿ ಹಾಕಿ, 'ಇದನ್ನ ನಾ ತಗೊಳಾಕತ್ತೀನಿ. ಕೆಟ್ಟದ್ದು ಬಂದ್ರ ನನಗ ಬರ್ಲಿ. ನಾ ಆರಿಸಿದ್ದು' ಅಂದಳು.

ಮಾವ ಅಂಚನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರುತ್ತ ಹೋದ. ಆಮೇಲೆ ಜೀವಮಾನದಲ್ಲಿ ಮೊದಲ ಸಲ, ಸುತ್ತು ಹಾಕದೆ, ಮಷಿನ್ನಿನ ಎದುರಿನಿಂದಲೇ ಅವಳ ಹತ್ತಿರ ಬಂದು ನಿಂತು, 'ನೋಡ್ತು ಬಿಡವ್ವಾ. ನಿನ್ನ ನೋಡ್ತು' ಅಂದ.

ಇಷ್ಟಕ್ಕೆ ಮಾವ ಸುಧಾರಿಸಿದನೆಂದು ನೀವು ತಿಳಿದರೆ ನಿಮಗೆ ನಮ್ಮ ಮಾವ ಇನ್ನೂ ಗೊತ್ತಾಗಿಲ್ಲ. ಬಸ್ಸಿನ ಮೇಲೆ ಮಷಿನ್ನು ಕಟ್ಟುವಾಗ ಅದರ ಮುಖ ಊರ ಕಡೆಗೇ ಇರಬೇಕೆಂದು ಹಟ ಹಿಡಿದು ಕಂಡಕ್ಟರನ ಬಾಯಿಂದ ಬೈಸಿಕೊಂಡ. ಕೋಣೆಯ ಹೊಸ್ತಿಲಲ್ಲಿ ಅದರ ಕಬ್ಬಿಣದ ಕಾಲುಗಳಿಗೆ ನೀರು ಹಾಕಿ ಅರಿಷಿಣ ಹಚ್ಚಿಯೇ ಒಳಗೆ ಬಿಟ್ಟ. ಬಸ್ಸಮ್ಮ, ಗಾಲಿಗೆ ಮಾತ್ರ ನೀರು ತಾಕಿಸಬೇಡವೆಂದು ಹೇಳಿ ಸುಮ್ಮನಾದಳು. ಸೋಮವಾರ ನೀಲಿ ಬಟ್ಟೆಯ ಥಾನುಗಳು ನಮ್ಮ ಕೋಣೆಗೆ ಬಂದವು. ಅಂದಿನಿಂದ ಪ್ರತಿ ಸಂತೆಗೆ ದೇವದುರ್ಗಕ್ಕೆ ಬಂದಾಗ ಅವನು ಮಷಿನ್ನಿಗೊಂದು ಸುತ್ತು ಹಾಕಿ, ಎಣ್ಣೆ ಕುಡಿದಿದೆಯೋ ಇಲ್ಲವೋ ವಿಚಾರಿಸಿ, ಸುರುಳಿಯ ಕಡೆಗೆ ಓರೆಗಣ್ಣಲ್ಲಿ ನೋಡಿ, ನನ್ನ ಕೈಯಲ್ಲಿ ಬೈಸಿಕೊಂಡು ಹೋಗುವುದು ವಾಡಿಕೆಯಾಯಿತು. ಬಸ್ಸಮ್ಮ ಎರಡನೆಯ ಮಷಿನ್ನು ತಂದಳು, ಮೂರನೆಯದನ್ನು ತಂದಳು, ಕಲಿಯಲು ಬಂದ ಹುಡುಗಿಯರನ್ನು ಕೂಡಿಸಿಕೊಂಡಳು. ಪ್ರತಿಯೊಂದನ್ನೂ ತಾನೇ ಹೋಗಿ ತಂದಳು.

ಆದರೆ ಮಾವನ ನಿಜವಾದ ಉಪದ್ರವ ಶುರುವಾದದ್ದು ಆಮೇಲೆ. ಎತ್ತು ನೋಡುವುದನ್ನು ಅವನು ಕ್ರಮೇಣ ಬಿಟ್ಟುಬಿಟ್ಟು, ಗಂಡು ನೋಡುವುದಕ್ಕೆ ಹಿಡಿದುಕೊಂಡ. ನಮ್ಮ ಬಳಗದಲ್ಲಿ ಯಾವ ಹೆಣ್ಣಿನ ಮಾತು ಎದ್ದರೂ, ಕರೆಯದಿದ್ದರೂ, ಕೋಟು ಹಾಕಿಕೊಂಡು ಹೊರಟ. ನಮ್ಮ ಚಿಕ್ಕಮ್ಮನ ಮಗಳು ಗೋಪಮ್ಮನಿಗೆ ನೀರಮಾನ್ವಿಯ ಒಂದು ಮನೆಯಲ್ಲಿ ಗಂಡು ಗೊತ್ತಾದಾಗ, ಮಾವ ಆ ಓಣಿಯಲ್ಲೇ ಠಿಕಾಣಿ ಹೂಡಿದ. ಗಿರಣಿಯವನನ್ನು ಕೇಳಿದ, ಕ್ಷೌರದವನನ್ನು ಕೇಳಿದ, ನೀರಿನ ಸಾಲಿನಲ್ಲಿ ನಿಂತ ಹೆಂಗಸರನ್ನು ಕೇಳಿದ, ಹುಡುಗ ನಡೆದುಹೋಗುವಾಗ ಹಿಂದಿನಿಂದ ನೋಡಿದ. ಆದೋನಿಗೆ ಹೋಗುವ ಬಸ್ಸಿನ ಕಂಡಕ್ಟರನನ್ನೂ ಬಿಡಲಿಲ್ಲ. ಕೊನೆಗೆ ಗಂಡಿನ ತಂದೆ, 'ಈ ಕೋಟಿನ ಮನಿಷ್ಯಾನ್ನ ಮೊದಲ ಕರಕೊಂಡು ಹೋಗ್ರಿ, ಆಮ್ಯಾಲ ಮದುವಿ ಮಾತು' ಎಂದು ಹೇಳಿ ಕಳಿಸಿದ. ಹುಡುಗ ಅಪ್ಪಟ ಒಳ್ಳೆಯವನಾಗಿದ್ದ. ಆದರೂ ಮುನಿಸು ತಿಳಿಯಾಗುವಷ್ಟರಲ್ಲಿ ಆ ಹಂಗಾಮಿನ ಮುಹೂರ್ತಗಳೆಲ್ಲ ಕಳೆದುಹೋದವು. ಚಿಕ್ಕಮ್ಮ ಮಾವನ ಮುಖಕ್ಕೆ ಉಗುಳುವುದೊಂದು ಬಾಕಿ.

ನಾನೇ ಒಮ್ಮೆ ತಡೆಯಲಾರದೆ ಕೇಳಿದೆ. 'ಮಾವಾ, ಮನಿಷ್ಯಾರೇನು ಎತ್ತೇನು? ಹಿಂಗ್ಯಾಕ ಮಾಡ್ತಿ?'

ಅವನು ವಲ್ಲಿಯ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದ: 'ಅಲ್ಲವ್ವಾ. ಎತ್ತಿಗೆ ಸುಳ್ಳು ಹೇಳಾಕ ಬರಂಗಿಲ್ಲ. ಅದು ನನಗ ತಡಾಗಿ ತಿಳೀತು.'

ಇಂಥವರು ಪ್ರತಿ ಬಳಗದಲ್ಲಿಯೂ ಒಬ್ಬರಿರುತ್ತಾರೆ. ಎಂದೋ ಒಮ್ಮೆ ಬಸ್ಸು ತಪ್ಪೀತೆಂಬ ಅವಸರದಲ್ಲಿ ಒಬ್ಬರ ಬಾಳು ಕೆಡಿಸಿರುತ್ತಾರೆ. ಉಳಿದ ಆಯುಷ್ಯವೆಲ್ಲ ನಮ್ಮ ನಿಮ್ಮ ಹೊತ್ತನ್ನು ಕೆಡಿಸುತ್ತ ಹೋಗುತ್ತಾರೆ. ಯಾವ ಚಿಕ್ಕ ವಸ್ತುವನ್ನೂ ಸಲೀಸಾಗಿ ಮನೆಯೊಳಗೆ ಬಿಡುವುದಿಲ್ಲ, ಯಾವ ಒಳ್ಳೆಯ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಆಗಗೊಡುವುದಿಲ್ಲ, ಕ್ಷಮಿಸಿ ಎಂಬ ಮಾತನ್ನು ಬಾಯಿಬಿಟ್ಟು ಹೇಳುವುದನ್ನಂತೂ ಕಲಿತಿರುವುದೇ ಇಲ್ಲ. ಅವರನ್ನು ಕರೆದುಕೊಂಡು ಪೇಟೆಗೆ ಹೋಗುವುದೆಂದರೆ ಪೂರ್ವಜನ್ಮದ ಪಾಪ ಕಳೆಯುವುದೆಂದೇ ಲೆಕ್ಕ. ಇಷ್ಟೆಲ್ಲ ಬಲ್ಲ ನಾನು, ಮುಂದೆ ನನಗೂ ಮದುವೆಯಾಗಿ, ನನ್ನ ಮಗಳಿಗೆ ಗಂಡು ನೋಡುವ ಕಾಲ ಬಂದಾಗ, ಮಸರಕಲ್ಲಿಗೆ ಹೋಗಿ, ಆ ಗುಡಿಸಲ ಗೂಟದಲ್ಲಿ ತೂಗುತ್ತಿದ್ದ ಕರಿಯ ಕೋಟನ್ನು ನಾನೇ ಇಳಿಸಿ ಮುಪ್ಪಾದ ಮಾವನ ಕೈಗೆ ಕೊಟ್ಟೆ.